ಡೆಕ್ಕನಿ ಕುರಿಯ ಕರಿ ಉಣ್ಣೆ ನೂತು ಸ್ವೆಟರ್ ಹಾಕಿದವರು ಯಾರಾದರೂ ಇದ್ದೀರಾ?

ನೂಲಿನ ಹುಚ್ಚಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನಾನು ನೂತಿದ್ದೆಲ್ಲ ತರಿಸಿಕೊಂಡ ಮೆರಿನೋ, ಅದೇ ಮೆತ್ತನೆ ಉಣ್ಣೆಯ ವಿದೇಶಿ ತಳಿ ಕುರಿಯದ್ದು. ತೊಳೆದು, ಬಾಚಿ, ಉದ್ದಕ್ಕೆ ಸುತ್ತಿ ಕಳಿಸಿರುತ್ತಾರೆ. ಕೈಗೆ ತಗೊಂಡು ಕದಿರು ತಿರುಗಿಸಿದರೆ ನೂಲು ಬರುತ್ತೆ. ಈಗ ಮೊದಲ ಸಲ ಹಸಿ ಉಣ್ಣೆ ಮನೆಗೆ ಬಂದಿದೆ. ಚಳ್ಳಕೆರೆ ಕಡೆಯ ಪರಿಚಯದವರ ಹಿಂಡಿನದು. ಡೆಕ್ಕನಿ ಕುರಿ, ಕರಿ ಬಣ್ಣ, 2 ಕೆಜಿ. ದುಡ್ಡು ಕೊಡೋಕೆ ಹೋದರೆ "ಬಿಸಾಕೋದನ್ನ ತಗೊಂಡು ಹೋಗ್ತೀರಿ, ದುಡ್ಡು ಯಾಕೆ" ಅಂದರು. ಬಲವಂತ ಮಾಡಿ ಕೊಟ್ಟು ಬಂದೆ.

ತಮ್ಮನಿಗೆ ಮಡಿಕೇರಿಗೆ ವರ್ಗ ಆಗಿದೆ. ಮಳೆಗಾಲದ ಹೊತ್ತಿಗೆ ಅವನಿಗೊಂದು ತುಂಬುತೋಳಿನ ಸ್ವೆಟರ್ ಮಾಡಿಕೊಡಬೇಕು ಅಂತ ಆಸೆ. ದುಂಡು ಕತ್ತು, ತಲೆ ಮೇಲಿಂದ ಹಾಕಿಕೊಳ್ಳುವಂಥದ್ದು. ಎದೆ ಸುತ್ತಳತೆ 40 ಇಂಚು.

ಈ ಉಣ್ಣೆ ಮೆರಿನೋ ತರ ಇಲ್ಲವೇ ಇಲ್ಲ. ಮುಟ್ಟಿದರೆ ಬಿರುಸು, ಎಳೆ ಎರಡು ಮೂರು ಅಂಗುಲ ಅಷ್ಟೇ, ನಡುನಡುವೆ ದಪ್ಪ ಕೂದಲು. ಇದರಲ್ಲಿ ಸ್ವೆಟರ್ ಆಗುತ್ತಾ? ಚುಚ್ಚುತ್ತಾ? ಎಷ್ಟು ದಪ್ಪ ನೂಲಬೇಕು? 2 ಕೆಜಿ ಸಾಕಾಗುತ್ತಾ? ಹೇಗೆ ತೊಳೆಯೋದು ಅಂತಲೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ ಪ್ಲೀಸ್.

ತರ್ಲೆ ತಮ್ಮಯ್ಯ

ತಮ್ಮನ ಮೇಲೆ ಏನಕ್ಕಾ ಅಷ್ಟು ಸಿಟ್ಟು?

ಉಲ್ಲನ್ ಅಕ್ಕ (ಮೈಸೂರು)

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮೈಗೆ ತಾಗುವ ಸ್ವೆಟರ್‌ಗೆ ಇದು ಬೇಡ. ಮೆರಿನೋ ಎಳೆಯ ದಪ್ಪ ಸುಮಾರು 17ರಿಂದ 22 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). ಡೆಕ್ಕನಿ 40ರ ಆಸುಪಾಸು, ಕೆಲವು ಕೂದಲು ಅದಕ್ಕಿಂತಲೂ ದಪ್ಪ. ಇದು ಕಂಬಳಿ, ಕಾರ್ಪೆಟ್ ಜಾತಿಯ ಉಣ್ಣೆ. ನೀವು ತಿಂಗಳುಗಟ್ಟಲೆ ಕೂತು ನೂತು, ಹೆಣೆದು ಕೊಡುತ್ತೀರಿ. ನಿಮ್ಮ ತಮ್ಮ ಒಂದು ಸಲ ಹಾಕಿಕೊಂಡು, "ಚೆನ್ನಾಗಿದೆ ಅಕ್ಕ" ಅಂದು ಬೀರುವಿನಲ್ಲಿ ಇಡುತ್ತಾನೆ.

ತಮ್ಮನಿಗೆ ವರ್ಧಮಾನ್ ಅಥವಾ ಓಸ್ವಾಲ್ ಉಲ್ಲನ್ ತಂದು ಸ್ವೆಟರ್ ಹಾಕಿ. ಈ ಉಣ್ಣೆಯಲ್ಲಿ ಕೂರುವ ಚಾಪೆಯೋ ಚೀಲವೋ ಮಾಡಿ. ಎರಡೂ ಚೆನ್ನಾಗಿ ಬರುತ್ತವೆ.

ಬಯಲುಸೀಮೆ ಹುಡುಗ (ಚಳ್ಳಕೆರೆ)

ಉಲ್ಲನ್ ಅಕ್ಕ, ಚಾಪೆ ಮಾಡಿ ಅಂತ ಒಂದೇ ಮಾತಿಗೆ ಮುಗಿಸಿಬಿಟ್ಟಿರಲ್ಲ! ಇದೇ ಉಣ್ಣೆ ಹೊದ್ದು ನಮ್ಮಜ್ಜ ಮಳೆಯಲ್ಲಿ ಕುರಿ ಕಾದಿದ್ದಾನೆ. ಹಾಸೋಕೂ ಅದೇ, ಹೊದಿಯೋಕೂ ಅದೇ, ಮಳೆ ಬಂದರೆ ಕೊಪ್ಪೆಯೂ ಅದೇ. ಮೈಲಾರದ ಗೊರವಯ್ಯನ ಮೈಮೇಲಿರೋದೂ ಅದೇ ಕಂಬಳಿ.

ನೂಲಿನ ಹುಚ್ಚಿ ಅಕ್ಕ, ಒಂದು ವಿಷಯ ಕೇಳಿ. ನಮ್ಮ ಕಡೆ ಎಲ್ಲ ಉಣ್ಣೆಯನ್ನೂ ಒಂದೇ ರಾಶಿಗೆ ಹಾಕುತ್ತಿರಲಿಲ್ಲ. ಮರಿಯ ಮೊದಲನೇ ಕತ್ತರಿಯ ಉಣ್ಣೆ ಬೇರೆ ಇಡೋರು. ಅದು ಮೆತ್ತಗಿರುತ್ತೆ, ತುದಿ ಸಣ್ಣಗಿರುತ್ತೆ. ಒಳ್ಳೇ ಕಂಬಳಿಗೆ ಅದನ್ನೇ ಹಾಕೋದು. ದೊಡ್ಡ ಕುರಿಯಲ್ಲೂ ಭುಜ, ಪಕ್ಕೆ ಮೇಲಿನದು ವಾಸಿ. ತೊಡೆ, ಬಾಲದ ಹತ್ತಿರದ್ದು ಪೂರ್ತಿ ಕೂದಲು. ನಿಮಗೆ ಕೊಟ್ಟವರು ಎಲ್ಲ ಬೆರೆಸಿ ಕೊಟ್ಟಿರುತ್ತಾರೆ. ಮೊದಲು ಹಳೇ ಪಂಚೆ ಹಾಸಿ ಹರವಿ, ಕೈಯಲ್ಲೇ ಮುಟ್ಟಿ ಮುಟ್ಟಿ ಬೇರೆ ಮಾಡಿ. ಮುಂದಿನ ಸಲ ಹೋದಾಗ ಮರಿ ಉಣ್ಣೆ ಬೇಕು ಅಂತ ಕೇಳಿ. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಸಿಗುತ್ತೆ.

ಉಲ್ಲನ್ ಅಕ್ಕ

ನಾನು ಕಂಬಳಿಯನ್ನ ಬೈದಿಲ್ಲಪ್ಪ. ಕಂಬಳಿಯನ್ನ ಅಂಗಿ ಮೇಲೆ ಹೊದೀತಾರೆ, ಬರೀ ಮೈಗಲ್ಲ. ಇವರು ಕೇಳಿದ್ದು ದುಂಡು ಕತ್ತಿನ ಸ್ವೆಟರ್. ಕತ್ತಿನ ಹತ್ತಿರ ಏನು ಮಾಡ್ತೀರಿ?

ಬಯಲುಸೀಮೆ ಹುಡುಗ

ಅದು ಸರಿ. ಕತ್ತಿಗೆ ಕಷ್ಟವೇ.

ಚರ್ಮದ ಡಾಕ್ಟ್ರು

"ನನಗೆ ಉಣ್ಣೆ ಅಲರ್ಜಿ" ಅನ್ನುವ ತುಂಬಾ ಜನರಿಗೆ ನಿಜವಾಗಿ ಅಲರ್ಜಿ ಇರೋದಿಲ್ಲ. ದಪ್ಪ ಎಳೆಯ ತುದಿ ಬಾಗದೆ ಚರ್ಮಕ್ಕೆ ಒತ್ತುತ್ತೆ. ತೆಳು ಎಳೆಯಾದರೆ ಬಾಗಿಕೊಳ್ಳುತ್ತೆ, ಅಷ್ಟೇ ವ್ಯತ್ಯಾಸ. ಸುಮಾರು 30 ಮೈಕ್ರಾನ್ ದಾಟಿದ ಎಳೆಗಳು ನೂರಕ್ಕೆ ಐದರಷ್ಟು ಇದ್ದರೂ ಸಾಕು, ತುಂಬಾ ಜನಕ್ಕೆ ಚುಚ್ಚುತ್ತೆ. ಚುಚ್ಚೋದು ಎಳೆಯ ತುದಿ. ಹಾಗಾಗಿ ತುಂಡು ತುಂಡಾದ ಉಣ್ಣೆಯಲ್ಲಿ ತುದಿಗಳು ಜಾಸ್ತಿ, ಚುಚ್ಚೋದೂ ಜಾಸ್ತಿ. ಕತ್ತು, ಮಣಿಕಟ್ಟಿನ ಒಳಭಾಗ ಬೇಗ ಗುರುತಿಸುತ್ತವೆ. ಅಂಗೈ ಅಷ್ಟು ಗುರುತಿಸೋದಿಲ್ಲ. ಆದ್ದರಿಂದ ಕೈಯಲ್ಲಿ ಹಿಡಿದು "ಮೆತ್ತಗಿದೆ" ಅಂತ ತೀರ್ಮಾನ ಮಾಡಬೇಡಿ. ಸ್ಯಾಂಪಲ್ ತುಂಡನ್ನ ಕಾಲರ್ ಒಳಗೆ ಇಟ್ಟುಕೊಂಡು ಅರ್ಧ ದಿನ ಮನೆಕೆಲಸ ಮಾಡಿ. ಬೆವರು ಬಂದ ಮೇಲೆ ನಿಜ ಗೊತ್ತಾಗುತ್ತೆ.

ಎಡಿನ್‌ಬರೋ ಕನ್ನಡಿಗ

ಇಲ್ಲಿ ಸ್ಕಾಟ್ಲೆಂಡಿನಲ್ಲಿ ಕೂತು ಈ ಚರ್ಚೆ ಓದೋಕೆ ಖುಷಿ ಆಗ್ತಿದೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹರ್ಡ್‌ವಿಕ್ ಅಂತ ಒಂದು ಕುರಿ ಇದೆ. ಮರಿ ಹುಟ್ಟುವಾಗ ಕರಿ, ಬೆಳೀತಾ ಬೂದಿ ಬಣ್ಣ. ಅದರ ಉಣ್ಣೆಯೂ ನಿಮ್ಮದರ ಹಾಗೇ ಬಿರುಸು, ಕೂದಲು ಬೆರೆತದ್ದು. ಅದರದ್ದೂ ಇದೇ ಕಥೆ, ಕತ್ತರಿಸುವ ಕೂಲಿಯಷ್ಟೂ ಉಣ್ಣೆಗೆ ಬೆಲೆ ಸಿಗೋದಿಲ್ಲ. ಆದರೂ ನೂಲುವವರು ಅದನ್ನ ಹುಡುಕಿಕೊಂಡು ಹೋಗುತ್ತಾರೆ. ಒಳಉಡುಪಿಗಲ್ಲ, ಮೇಲಂಗಿಗೆ. ಎಷ್ಟು ವರ್ಷ ಉಜ್ಜಿದರೂ ಸವೆಯೋದಿಲ್ಲ, ಮೆರಿನೋ ತರ ಗುಂಜು ಕಟ್ಟೋದೂ ಕಡಿಮೆ.

ಐಸ್‌ಲ್ಯಾಂಡಿನ ಲೋಪಾಪೇಸಾ ನೋಡಿ. ಕತ್ತಿನ ಸುತ್ತ ಚಿತ್ತಾರ ಇರುತ್ತಲ್ಲ, ಆ ಸ್ವೆಟರ್. ಅದು ಬಹಳ ಹಳೇದೇನಲ್ಲ, 20ನೇ ಶತಮಾನದ ನಡುಭಾಗದಲ್ಲಿ ಬಂದದ್ದು. ಅಲ್ಲಿನ ಕುರಿಗೆ ಎರಡು ಪದರ ಉಣ್ಣೆ. ಹೊರಗಿನದು ಉದ್ದ, ಬಿರುಸು. ಒಳಗಿನದು ಮೆತ್ತಗೆ. ಎರಡನ್ನೂ ಸೇರಿಸಿಯೇ ಹೆಣೆಯುತ್ತಾರೆ. ಅದೂ ಚುಚ್ಚುತ್ತೆ! ಜನ ಒಳಗೊಂದು ಅಂಗಿ ಹಾಕಿ ಮೇಲೆ ಅದನ್ನ ಹಾಕಿಕೊಳ್ಳುತ್ತಾರೆ, ಅಷ್ಟೇ.

ನನ್ನ ಸಲಹೆ, ತಲೆ ಮೇಲಿಂದ ಹಾಕುವ ಸ್ವೆಟರ್ ಬಿಡಿ. ಮುಂದೆ ಗುಂಡಿ ಇರುವ ದಪ್ಪ ಕಾರ್ಡಿಗನ್ ಮಾಡಿ, ಜಾಕೆಟ್ ತರ. ಉಣ್ಣೆಯನ್ನ ಬದಲಾಯಿಸೋಕೆ ಆಗಲ್ಲ, ಬಟ್ಟೆಯನ್ನ ಬದಲಾಯಿಸಬಹುದು.

ತರ್ಲೆ ತಮ್ಮಯ್ಯ

ಎಡಿನ್‌ಬರೋದಲ್ಲಿ ಕೂತು ಕುರಿ ಬಗ್ಗೆ ಮಾತಾಡೋಕೆ ಸಾಫ್ಟ್‌ವೇರ್ ಓದಬೇಕಿತ್ತಾ ಅಣ್ಣ.

ದನದ ಡಾಕ್ಟ್ರು

ಮೂರು ಮಾತು.

ಒಂದು, ಚಳ್ಳಕೆರೆ, ಬಳ್ಳಾರಿ, ದಾವಣಗೆರೆ ಭಾಗದ ಕುರಿಯನ್ನ ತಳಿ ಪಟ್ಟಿಯಲ್ಲಿ ಬಳ್ಳಾರಿ ತಳಿ ಅಂತ ಬೇರೆಯಾಗಿ ಗುರುತಿಸುತ್ತಾರೆ. ಬೆಳಗಾವಿ, ವಿಜಯಪುರ, ಆ ಕಡೆ ಮಹಾರಾಷ್ಟ್ರ, ತೆಲಂಗಾಣಕ್ಕೆ ಸೇರಿದ್ದು ಡೆಕ್ಕನಿ. ಬಳ್ಳಾರಿ ಕುರಿ ಬಿಳಿಯಿಂದ ಕರಿವರೆಗೆ ಎಲ್ಲ ಬಣ್ಣದಲ್ಲೂ ಇದೆ, ಉಣ್ಣೆ ಬಿರುಸು. ನಿಮ್ಮದು ಆ ತಳಿಯದ್ದೇ ಇರಬಹುದು. ನೂಲೋಕೆ ದೊಡ್ಡ ವ್ಯತ್ಯಾಸ ಏನಿಲ್ಲ, ಕೂದಲು ಇನ್ನಷ್ಟು ಜಾಸ್ತಿ ಇರುತ್ತೆ ಅಂದುಕೊಳ್ಳಿ.

ಎರಡು, ಈಗ ಎಲ್ಲರೂ ಸಾಕೋದು ಮಾಂಸಕ್ಕೆ. ನೆಲ್ಲೂರು ಟಗರು, ಮಾಡಗ್ಯಾಳ ಟಗರು ಬಿಟ್ಟು ಬೆರಕೆ ಮಾಡುತ್ತಾರೆ. ಮರಿ ಬೇಗ ತೂಕ ಬರುತ್ತೆ, ಉಣ್ಣೆ ಹೋಗಿ ಕೂದಲು ಉಳಿಯುತ್ತೆ. ರೈತನ ಲೆಕ್ಕ ತಪ್ಪಲ್ಲ. ಮಟನ್ ರೇಟು, ಉಣ್ಣೆ ರೇಟು ಪಕ್ಕ ಪಕ್ಕ ಇಟ್ಟು ನೋಡಿ.

ಮೂರನೆಯದು ಮುಖ್ಯ. ಉಣ್ಣೆ ಬದುಕಿರುವ, ಆರೋಗ್ಯವಾಗಿರುವ ಕುರಿಯದ್ದಾ? ನೆರಡಿ ರೋಗದಲ್ಲಿ (ಆಂಥ್ರಾಕ್ಸ್) ಸತ್ತ ಪ್ರಾಣಿಯ ಉಣ್ಣೆ, ಚರ್ಮದಿಂದ ಮನುಷ್ಯರಿಗೂ ಬರುತ್ತೆ. ಹಿಂದೆ ಇಂಗ್ಲೆಂಡಿನ ಉಣ್ಣೆ ಗಿರಣಿಗಳಲ್ಲಿ ಇದಕ್ಕೆ ಉಣ್ಣೆ ಆರಿಸುವವರ ರೋಗ ಅಂತಲೇ ಹೆಸರಿತ್ತು. ಹೆದರಿಸೋಕೆ ಹೇಳ್ತಿಲ್ಲ. ಪರಿಚಯದ ಹಿಂಡಿನದಾದರೆ ಚಿಂತೆ ಕಡಿಮೆ. ಆದರೂ ಒಣ ಉಣ್ಣೆ ಬಿಡಿಸುವಾಗ ಮಾಸ್ಕ್ ಹಾಕಿ, ಹೊರಗೆ ಕೂತು ಮಾಡಿ. ಚರ್ಮದ ಮಂಡಿಯಿಂದ ಬಂದ ಉಣ್ಣೆ ಮಾತ್ರ ತಗೋಬೇಡಿ. ಸುಣ್ಣ ಹಾಕಿ ಕಿತ್ತಿರುತ್ತಾರೆ, ಎಳೆ ಪುಡಿಯಾಗುತ್ತೆ.

ಬಯಲುಸೀಮೆ ಹುಡುಗ

ಡಾಕ್ಟ್ರೇ, ನಮ್ಮೂರಲ್ಲಿ ಯಾರೂ ಬಳ್ಳಾರಿ ಕುರಿ ಅನ್ನಲ್ಲ. ಕರಿ ಕುರಿ ಅಂತೀವಿ. ಪಟ್ಟಿ ಮಾಡೋರು ಜಿಲ್ಲೆ ಹೆಸರು ಇಟ್ಟರು ಅಂತ ಕುರಿಗೆ ಗೊತ್ತಾ?

ದನದ ಡಾಕ್ಟ್ರು

ಕುರಿಗೆ ಗೊತ್ತಿಲ್ಲ, ವಿಮೆ ಅರ್ಜಿಗೆ ಗೊತ್ತು.

ನೂಲಿನ ಹುಚ್ಚಿ

ಅಯ್ಯೋ, ಇಷ್ಟು ಬೇಗ ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟ್ರೇ, ಬದುಕಿರುವ ಕುರಿಯದ್ದೇ. ನನ್ನೆದುರೇ ಕತ್ತರಿಸಿದರು. ಅದಕ್ಕೆ ಮುಂಚೆ ಕುರಿಗಳನ್ನ ಕೆರೆಯಲ್ಲಿ ಈಜಿಸಿ ತೊಳೆದಿದ್ದರಂತೆ. ಆದರೂ ನೆಗ್ಗಿಲ ಮುಳ್ಳು, ಉತ್ತರಾಣಿ ಬೀಜ ಬೇಜಾನ್ ಇದೆ.

ಕಾರ್ಡಿಗನ್ ಐಡಿಯಾ ಹಿಡಿಸಿತು. ತಮ್ಮನಿಗೆ ಫೋನ್ ಮಾಡಿದೆ. "ಶರ್ಟ್ ಮೇಲೆ ತಾನೇ ಹಾಕೋದು, ಯಾವುದಾದ್ರೂ ಆಯ್ತು" ಅಂದ. ಮೆರಿನೋ ಸ್ವಲ್ಪ ಉಳಿದಿದೆ. ಇದರ ಜೊತೆ ಬೆರೆಸಿ ಹಿಂಜಿದರೆ ಮೆತ್ತಗಾಗುತ್ತಾ?

ಉಲ್ಲನ್ ಅಕ್ಕ

ಬೆರೆಸಬೇಡಿ. ಮೆರಿನೋ ಹಾಕಿದ ಕೂಡಲೇ ಬಿರುಸು ಕೂದಲು ಎಲ್ಲಿಗೂ ಓಡಿಹೋಗಲ್ಲ. ಅವು ಅಲ್ಲೇ ಇರುತ್ತವೆ, ಅಲ್ಲೇ ಚುಚ್ಚುತ್ತವೆ. ಕೈಗೆ ಮೆತ್ತಗೆ ಅನಿಸುತ್ತೆ ಅಷ್ಟೇ. ಒಳ್ಳೇ ಮೆರಿನೋವೂ ಹಾಳು. ಅದರ ಬದಲು ಮೆರಿನೋವನ್ನ ಬೇರೆಯೇ ನೂತು ಕಾಲರ್ ಒಳಪದರಕ್ಕೆ, ತೋಳಿನ ತುದಿ ಒಳಗೆ ಮಡಚುವ ಪಟ್ಟಿಗೆ ಇಡಿ. ಮೈಗೆ ತಾಗೋದು ಆ ಎರಡೇ ಜಾಗ. ಹೊರಗಿಂದ ನೋಡಿದರೆ ಪೂರ್ತಿ ಕರಿ ಉಣ್ಣೆ.

(ಹೌದು, ಚಾಪೆ ಅಂದವಳು ನಾನೇ. ಈಗ ಕಾರ್ಡಿಗನ್ ಪಾರ್ಟಿಗೆ ಸೇರಿದ್ದೇನೆ. ತರ್ಲೆ ತಮ್ಮಯ್ಯ ಬಾಯಿ ಮುಚ್ಕೊಂಡಿರಬೇಕು.)

ತರ್ಲೆ ತಮ್ಮಯ್ಯ

🤐

ಗದಗಿನ ಗೆಳತಿ

ತೊಳೆಯೋದು ನಾನು ಹೇಳ್ತೀನಿ ರೀ. ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ಹೆಂಗಸರು ನೂಲೋದು, ಗಂಡಸರು ಗುಂಡಿ ಮಗ್ಗದಲ್ಲಿ ನೇಯೋದು.

ಮೊದಲು ಒಣಗಿದ್ದಾಗಲೇ ಜಾಡಿಸಿ. ಮುಳ್ಳು, ಹಿಕ್ಕೆ, ಎರಡೆರಡು ಸಲ ಕತ್ತರಿ ಬಿದ್ದು ತುಂಡಾದ ಚೂರು ಎಲ್ಲ ಉದುರಬೇಕು. ಎರಡು ಬೆರಳಲ್ಲಿ ಬಿಡಿಸಿದರೆ ಅರ್ಧ ಮಣ್ಣು ನೀರಿಗೆ ಹೋಗೋ ಮುಂಚೆಯೇ ಹೋಗುತ್ತೆ. ಆಮೇಲೆ ತಣ್ಣೀರಲ್ಲಿ ಒಂದು ರಾತ್ರಿ ನೆನೆಹಾಕಿ. ನೀರು ಕರ್ರಗಾಗುತ್ತೆ. ಅದನ್ನ ಗಿಡಕ್ಕೆ ಹಾಕಿ ರೀ, ಚೆಲ್ಲಬೇಡಿ.

ನಮ್ಮ ಕುರಿಯ ಉಣ್ಣೆಯಲ್ಲಿ ಜಿಡ್ಡು ಕಡಿಮೆ. ಮೆರಿನೋ ತೊಳೆದರೆ ತೂಕ ಅರ್ಧದಷ್ಟು ಇಳಿಯುತ್ತೆ ಅಂತಾರೆ, ಇದು ಅಷ್ಟು ಇಳಿಯಲ್ಲ. ಆದ್ದರಿಂದ ಕುದಿಯೋ ನೀರು ಬೇಡ. ಕೈ ತಡೆಯದಷ್ಟು ಬಿಸಿ ಸಾಕು. ಅಂಟುವಾಳ ಕುದಿಸಿ ಸೋಸಿದ ನೀರು ಹಾಕಿ, ಉಣ್ಣೆ ಮುಳುಗಿಸಿ, ಹಾಗೇ ಬಿಡಿ. ತಿಕ್ಕಬೇಡಿ, ತಿರುವಬೇಡಿ. ನೊರೆ ಬಂತು ಅಂತ ಖುಷಿಗೆ ಕಲಸಿದಿರೋ, ಜಮಖಾನೆ ಆಗುತ್ತೆ. ಅದೇ ಬಿಸಿಯ ನೀರಲ್ಲಿ ಎರಡು ಸಲ ತೆಗೆದು, ಬಟ್ಟೆಯಲ್ಲಿ ಸುತ್ತಿ ಹಿಂಡಿ, ನೆರಳಲ್ಲಿ ಹರವಿ. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಬೇಡಿ.

ಬೋರ್‌ವೆಲ್ ನೀರಾದರೆ ಸೋಪು ಬೇಡವೇ ಬೇಡ. ಗಡಸು ನೀರಲ್ಲಿ ಸೋಪು ಅಂಟಂಟಾಗಿ ಎಳೆಗೆ ಹಿಡಿಯುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ವಾಸಿ.

ರಾಟೆ ಮೇಷ್ಟ್ರು

ಗದಗಿನ ಗೆಳತಿ ಹೇಳಿದ್ದು ಸರಿಯಾಗಿದೆ. ನೂಲುವ ವಿಷಯ ಸ್ವಲ್ಪ ಸೇರಿಸುತ್ತೇನೆ.

ನಿಮ್ಮ ಹತ್ತಿರ ಯಾವ ಸಾಧನ ಇದೆ ಅಂತ ಬರೆದಿಲ್ಲ. ಖಾದಿ ಪೆಟ್ಟಿಗೆ ಚರಕ ಇದ್ದರೆ ಇದಕ್ಕೆ ಬಳಸಬೇಡಿ. ಅದು ಹತ್ತಿಗೆ ಮಾಡಿದ್ದು. ಚಕ್ರ ಒಂದು ಸುತ್ತು ಬಂದರೆ ಕದಿರು ಎಷ್ಟೋ ಸುತ್ತು ತಿರುಗುತ್ತೆ, ಉಣ್ಣೆಗೆ ಹುರಿ ವಿಪರೀತ ಬೀಳುತ್ತೆ. ಬಿರುಸು ಉಣ್ಣೆಗೆ ಹುರಿ ಜಾಸ್ತಿ ಆದರೆ ನೂಲು ಕತ್ತದ ಹಗ್ಗ ಆಗುತ್ತೆ. ಹಾಗಂತ ಕಡಿಮೆ ಕೊಟ್ಟರೆ ಎಳೆ ಗಿಡ್ಡವಾದ್ದರಿಂದ ಬಿಟ್ಟುಕೊಳ್ಳುತ್ತೆ. ನಡುವೆ ಎಲ್ಲೋ ಒಂದು ಹದ ಇದೆ. ಅದು ಕೈಗೇ ಗೊತ್ತಾಗಬೇಕು. ಹೊಸದಾಗಿ ನೂತ ಒಂದು ಮೊಳ ನೂಲನ್ನ ಮಡಚಿ ಬಿಡಿ. ಅದರಷ್ಟಕ್ಕೆ ಅದು ಸುತ್ತಿಕೊಳ್ಳುತ್ತೆ. ಆ ರೂಪ ನೋಡಿದರೆ ಎರಡೆಳೆ ಹುರಿ ಮಾಡಿದಾಗ ಹೇಗಿರುತ್ತೆ ಅಂತ ತಿಳಿಯುತ್ತೆ. ಅದನ್ನ ಒಂದು ರಟ್ಟಿಗೆ ಕಟ್ಟಿ ಎದುರಿಗೆ ಇಟ್ಟುಕೊಂಡು ನೂಲಿ. ತಿಂಗಳಾದ ಮೇಲೂ ಅದೇ ದಪ್ಪ ಬರಬೇಕಲ್ಲ.

ತಕಲಿಯಾದರೆ ಹತ್ತಿಯ ಪುಟ್ಟ ಲೋಹದ ತಕಲಿ ಬೇಡ. 50-60 ಗ್ರಾಂ ತೂಕದ ಮರದ್ದು ಇರಲಿ. ಉತ್ತರಾಖಂಡದಲ್ಲಿ ಉಣ್ಣೆಗೆ ಬಾಗೇಶ್ವರಿ ಚರಕ ಅಂತ ಕಾಲಲ್ಲಿ ತುಳಿಯುವುದು ಬಳಸುತ್ತಾರೆ. ಸಿಕ್ಕಿದರೆ ಅದೃಷ್ಟ.

ಹಿಂಜೋದಕ್ಕೆ ಮೊದಲೆಲ್ಲ ಬಿಲ್ಲು ಇತ್ತು. ಈಗ ಹ್ಯಾಂಡ್ ಕಾರ್ಡರ್ ಇಲ್ಲದಿದ್ದರೆ ನಾಯಿ ಕೂದಲು ಬಾಚುವ ತಂತಿ ಬ್ರಷ್ ಎರಡು ತಗೊಳ್ಳಿ, ಕೆಲಸ ಆಗುತ್ತೆ. ಹಿಂಜೋ ಮುಂಚೆ ಒಂದೊಂದು ಗೊಂಚಲಿನ ಬುಡ ಹಿಡಿದು ತುದಿಯಿಂದ ಉದ್ದದ ಒರಟು ಕೂದಲು ಎಳೆದು ತೆಗೆಯಿರಿ. ಹೊಳಪಿಲ್ಲದ, ಬಗ್ಗಿಸಿದರೆ ಪಟ್ಟನೆ ಮುರಿಯುವ ಕೂದಲು ಬಂದರೆ ಅದನ್ನಂತೂ ಇಟ್ಟುಕೊಳ್ಳಲೇಬೇಡಿ. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡದಿದ್ದರೆ ನೂಲಿನ ಗುಣವೇ ಬದಲಾಗುತ್ತೆ.

ಎಡಿನ್‌ಬರೋ ಕನ್ನಡಿಗ

ಮೇಷ್ಟ್ರೇ, ಪೂರ್ತಿ ತೆಗೆದರೆ ಉಣ್ಣೆಯ ಗುಣವೂ ಹೋಗಲ್ವಾ? ಆ ಕೂದಲೇ ಮಳೆ ನೀರು ಜಾರಿಸೋದು. ಐಸ್‌ಲ್ಯಾಂಡಿನವರು ಅದಕ್ಕೇ ಎರಡನ್ನೂ ಇಟ್ಟುಕೊಳ್ಳೋದು.

ರಾಟೆ ಮೇಷ್ಟ್ರು

ಅಲ್ಲಿಯ ಹೊರ ಕೂದಲು ಉದ್ದ, ಹೊಳಪು ಇರುವಂಥದ್ದು. ನೂಲನ್ನ ಹಿಡಿದುಕೊಳ್ಳುತ್ತೆ. ಇಲ್ಲಿ ಮುರಿಯುವ ಕೂದಲು ನೂಲಲ್ಲಿ ನಿಲ್ಲೋದೇ ಇಲ್ಲ, ಸ್ವೆಟರ್ ಹಾಕಿಕೊಂಡ ಕಡೆಯೆಲ್ಲ ಉದುರುತ್ತೆ. ಎರಡನ್ನೂ ಒಂದೇ ಅಂದರೆ ಹೇಗೆ? ಗಟ್ಟಿ ಕೂದಲು ಸ್ವಲ್ಪ ಇರಲಿ ಅಂದರೆ ಒಪ್ಪುತ್ತೇನೆ.

ಹೊಸಬ (ಹಾಸನ)

ನಮ್ಮಜ್ಜಿ ಹೇನು ತೆಗೆಯೋ ಸೀರಣಿಗೆಯಲ್ಲಿ ಉಣ್ಣೆ ತುದಿ ಬಾಚುತ್ತಿದ್ದರು. ಮರದ್ದು. ಅದು ಆಗುತ್ತಾ?

ತರ್ಲೆ ತಮ್ಮಯ್ಯ

ಕುರಿ ಹೇನೂ ಬಂದರೆ ಬೋನಸ್.

ಗದಗಿನ ಗೆಳತಿ

ತುದಿ ಬಿಡಿಸೋಕೆ ಆಗುತ್ತೆ. 2 ಕೆಜಿ ಬಾಚೋಕೆ ಹೋದರೆ ಹಲ್ಲು ಮುರಿಯುತ್ತೆ. ಸೀರಣಿಗೆದು.

ಲೆಕ್ಕದ ಲಲಿತೆ

ಎಷ್ಟು ಬೇಕು ಅಂತ ಯಾರೂ ಹೇಳಲೇ ಇಲ್ಲವಲ್ಲ! ಕೇಳಿದ್ದು ಅದೇ ತಾನೆ?

ಎದೆ 40 ಇಂಚು. ಶರ್ಟ್ ಮೇಲೆ ಹಾಕುವ ದಪ್ಪ ಕಾರ್ಡಿಗನ್ ಆದ್ದರಿಂದ 4 ಇಂಚು ಸಡಿಲ ಕೊಡಿ, 44 ಇಂಚು, ಅಂದರೆ ಸುಮಾರು 112 ಸೆಂ.ಮೀ. ಎರಡೆಳೆ ಹುರಿಯ ಮಧ್ಯಮ ದಪ್ಪದ ನೂಲು, 4.5 ಮಿ.ಮೀ. ಕಡ್ಡಿ (ಪೋನಿ ಕಡ್ಡಿಯ ಹಳೇ ನಂಬರ್ ಪ್ರಕಾರ 7). 10 ಸೆಂ.ಮೀ.ಗೆ 18 ಸ್ಟಿಚ್ ಬಂತು ಅಂದುಕೊಂಡರೆ ಸುತ್ತಿಗೆ 200ರ ಆಸುಪಾಸು ಸ್ಟಿಚ್. ಈ ಅಳತೆಗೆ ಅಂದಾಜು 1100 ಮೀಟರ್ ಹುರಿ ನೂಲು ಬೇಕು. ಎರಡೆಳೆ ಅಂದರೆ ಒಂಟಿ ಎಳೆ 2200 ಮೀಟರ್. ಹುರಿ ಹಾಕುವಾಗ ಸ್ವಲ್ಪ ಗಿಡ್ಡ ಆಗುತ್ತೆ, 2400 ನೂತಿಡಿ.

ತೂಕಕ್ಕೆ ಇದಕ್ಕಿಂತ ಒಳ್ಳೇ ದಾರಿ ಇದೆ. 15ಕ್ಕೆ 15 ಸೆಂ.ಮೀ. ಸ್ಯಾಂಪಲ್ ಹೆಣೆದು, ತೊಳೆದು, ಒಣಗಿಸಿ ಅಳೆದು ತೂಗಿ. ಅಡುಗೆಮನೆ ತಕ್ಕಡಿ ಬೇಡ, ಚಿನ್ನ ತೂಗುವ ಚಿಕ್ಕದು ಬೇಕು. ಒಂದು ಗ್ರಾಂ ಹೆಚ್ಚುಕಮ್ಮಿ ಆದರೂ ಕೊನೆಗೆ 50 ಗ್ರಾಂ ತಪ್ಪುತ್ತೆ. ಮೈ, ತೋಳು, ಪಟ್ಟಿ ಎಲ್ಲ ಸೇರಿ ಸುಮಾರು 11,500 ಚದರ ಸೆಂ.ಮೀ. ಸ್ಯಾಂಪಲ್ 225. ಅಂದರೆ 51 ಸ್ಯಾಂಪಲ್‌ನಷ್ಟು. ಸ್ಯಾಂಪಲ್ 14 ಗ್ರಾಂ ತೂಗಿದರೆ ಕಾರ್ಡಿಗನ್ 715 ಗ್ರಾಂ.

2 ಕೆಜಿಯಲ್ಲಿ ಮಣ್ಣು, ಮುಳ್ಳು, ಕೂದಲು, ತುಂಡು ಎಲ್ಲ ಹೋಗಿ ಅರ್ಧ ಉಳಿದರೂ 1 ಕೆಜಿ. ಸಾಕಾಗುತ್ತೆ. ಆದರೆ ಎಲ್ಲ ಒಟ್ಟಿಗೇ ತೊಳೆದು, ಒಟ್ಟಿಗೇ ಬೆರೆಸಿ ಇಟ್ಟುಕೊಳ್ಳಿ. ಕರಿ ಉಣ್ಣೆ ಅಂದರೆ ಒಂದೇ ಕರಿ ಅಲ್ಲ, ಬಿಸಿಲಿಗೆ ತುದಿ ಕಂದು ಆಗಿರುತ್ತೆ. ಒಂದೊಂದು ಲಡಿ ಒಂದೊಂದು ಬಣ್ಣ ಬಂದರೆ ಎದೆ ಮೇಲೆ ಪಟ್ಟೆ ಪಟ್ಟೆ ಕಾಣುತ್ತೆ.

ಉಲ್ಲನ್ ಅಕ್ಕ

ಲಲಿತಾ, 715 ಗ್ರಾಂ ಹೊತ್ತುಕೊಂಡು ಆ ಹುಡುಗ ಮಡಿಕೇರಿ ದಿಣ್ಣೆ ಹತ್ತಬೇಕಾ?

ಲೆಕ್ಕದ ಲಲಿತೆ

ಚಳಿಗೆ ಬೆಚ್ಚಗೆ ಬೇಕು, ತೂಕ ಬೇಡ ಅಂದರೆ ಹೇಗಕ್ಕ? ಜೀನ್ಸ್ ಪ್ಯಾಂಟೂ ಹೆಚ್ಚುಕಮ್ಮಿ ಅಷ್ಟೇ ತೂಗುತ್ತೆ.

ಮಳೆಕಾಡು (ಮಡಿಕೇರಿ)

ಮಾರಾಯ್ರೆ, ಅಷ್ಟು ಜನ ಇಷ್ಟು ಬರೆದಿದ್ದೀರಿ, ಮಡಿಕೇರಿಯವರನ್ನ ಒಬ್ಬರನ್ನೂ ಕೇಳಲಿಲ್ಲವಲ್ಲ! ಇಲ್ಲಿಯ ಸಮಸ್ಯೆ ಚಳಿ ಅಲ್ಲ, ಒದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವುದೂ ಒಣಗುವುದಿಲ್ಲ. ಹತ್ತಿ ಬನಿಯನ್ ಒಣಗೋಕೇ ಮೂರು ದಿನ. ಇಷ್ಟು ದಪ್ಪ ಕಾರ್ಡಿಗನ್ ನೆನೆದರೆ ದೀಪಾವಳಿಗೆ ಸಿಗುತ್ತೆ. ಇದು ಕಂಬಳಿ ತರ ಮಳೆ ತಡೆಯುತ್ತೆ ಅಂತ ನಂಬಬೇಡಿ. ಕಂಬಳಿ ಒತ್ತಾಗಿ ನೇಯ್ದದ್ದು. ಹೆಣೆದದ್ದರಲ್ಲಿ ತೂತು ಇರುತ್ತೆ, ಗಾಳಿಯೂ ಬರುತ್ತೆ, ನೀರೂ ಬರುತ್ತೆ. ಮೇಲೊಂದು ರೈನ್‌ಕೋಟ್ ಬೇಕೇ ಬೇಕು.

ಉಣ್ಣೆಯ ಪರವಾಗಿ ಒಂದು ಮಾತು. ತೇವವನ್ನ ತನ್ನ ತೂಕದ ಮೂರನೇ ಒಂದು ಭಾಗದಷ್ಟು ಹೀರಿಕೊಂಡರೂ ಒದ್ದೆ ಅಂತ ಅನ್ನಿಸುವುದಿಲ್ಲ. ಅಕ್ರಿಲಿಕ್ ಹಾಗಲ್ಲ, ತಣ್ಣಗೆ ಮೈಗೆ ಅಂಟುತ್ತೆ. ಮಂಜಿನಲ್ಲಿ ಬೆಳಗ್ಗೆ ಓಡಾಡುವವರಿಗೆ ಇದು ದೊಡ್ಡ ಸಂಗತಿ. ಒಣಗಿಸೋಕೆ ಇಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟುತ್ತೇವೆ. ಸ್ವಲ್ಪ ಹೊಗೆ ವಾಸನೆ ಬರುತ್ತೆ. ಹೊಗೆಗೆ ನುಸಿಯೂ ಹತ್ತಿರ ಬರುವುದಿಲ್ಲ.

ಶಂಕೆಯ ಶಾಮ

ನಮ್ಮ ಕಡೆ ಕಂಬಳಿಯ ಹಾಸು ನೂಲಿಗೆ (ಮಗ್ಗದ ಮೇಲೆ ಉದ್ದಕ್ಕೆ ಎಳೆಯೋ ಎಳೆಗೆ) ಹುಣಸೆ ಬೀಜದ ಗಂಜಿ ಹಾಕ್ತಾರೆ. ಸ್ವೆಟರ್ ನೂಲಿಗೂ ಅದನ್ನ ಹಾಕಿದರೆ ಕೂದಲು ಅಂಟಿಕೊಂಡು ಚುಚ್ಚೋದು ಕಡಿಮೆ ಆಗಲ್ವಾ? ತೂತೂ ಮುಚ್ಚುತ್ತೆ.

ಗದಗಿನ ಗೆಳತಿ

ಆಗಂಗಿಲ್ಲ ರೀ! ಹುಣಸೆ ಬೀಜದ ಗಂಜಿ ಹಾಕೋದು ಮಗ್ಗದ ಮೇಲೆ ಒಂಟಿ ಎಳೆ ಹರಿಯಬಾರದು ಅಂತ. ಎಳೆ ಬಿಗಿಯಾಗಿ ನಿಂತು, ಮಗ್ಗದ ಉಜ್ಜಾಟ ತಡೀಬೇಕು. ಎರಡೆಳೆ ಹುರಿ ಹಾಕಿದ ನೂಲಿಗೆ ಅದರ ಅಗತ್ಯವೇ ಇಲ್ಲ. ಗಂಜಿ ಹಾಕಿ ಹೆಣೆದರೆ ಕಡ್ಡಿ ಮೇಲೆ ಜಾರೋದೂ ಇಲ್ಲ, ಸ್ವೆಟರ್ ರಟ್ಟಿನ ಡಬ್ಬಿ ಆಗುತ್ತೆ.

ಮಳೆಕಾಡು (ಮಡಿಕೇರಿ)

ಗಂಜಿ ಹಾಕಿ ಇಲ್ಲಿಗೆ ಕಳಿಸಿ, ಒಂದು ವಾರದಲ್ಲಿ ಅಣಬೆ ಸಾರು ಮಾಡಬಹುದು.

ಶಂಕೆಯ ಶಾಮ

ಸುಮ್ನೆ ಕೇಳಿದೆ ಅಷ್ಟೇ. ಎಲ್ಲರೂ ಮೈಮೇಲೆ ಬೀಳ್ತೀರಲ್ಲ.

ಹೊಸಬ (ಹಾಸನ)

ಮೆತ್ತನೆ ಉಣ್ಣೆಯ ಕುರಿ ದಕ್ಷಿಣದಲ್ಲಿ ಇಲ್ಲವೇ ಇಲ್ವಾ? ಎಲ್ಲ ಮಾಂಸದ್ದೇನಾ?

ದನದ ಡಾಕ್ಟ್ರು

ಇದೆ, ಆದರೆ ಕಡಿಮೆ. ಊಟಿ ಹತ್ತಿರ ನೀಲಗಿರಿ ತಳಿ. 19ನೇ ಶತಮಾನದಲ್ಲಿ ಸ್ಥಳೀಯ ಕುರಿಗೆ ಮೆರಿನೋ ಮತ್ತೆ ಬೇರೆ ವಿದೇಶಿ ತಳಿ ಬೆರೆಸಿ ಬಂದದ್ದು. ಬಿಳಿ, ಸುಮಾರು 27 ಮೈಕ್ರಾನ್. ಸಂದಿನಲ್ಲಾದಲ್ಲಿ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಅವನ್ನ ಉಳಿಸಿಕೊಂಡಿದೆ. ಕೊಡೈಕೆನಾಲ್ ಹತ್ತಿರ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣದ ಶಾಖೆ ಇದೆ, ಅಲ್ಲಿ ಭಾರತ್ ಮೆರಿನೋ ಇವೆ. ನಮ್ಮ ಬನ್ನೂರು ಕುರಿ ಕೇಳಲೇಬೇಡಿ. ಅದರ ಹೆಸರು ಹೇಳಿದರೆ ಯಾರಿಗೂ ಉಣ್ಣೆ ನೆನಪಾಗಲ್ಲ.

ತರ್ಲೆ ತಮ್ಮಯ್ಯ

ಬನ್ನೂರು ಅಂದ್ರಿ, ಮಧ್ಯಾಹ್ನದ ಊಟ ನೆನಪಾಯ್ತು. ಬೋಟಿ ಗೊಜ್ಜು ಎಲ್ಲಿ ಚೆನ್ನಾಗಿರುತ್ತೆ, ಅದಕ್ಕೊಂದು ಚರ್ಚೆ ಶುರು ಮಾಡ್ಲಾ?

ಉಲ್ಲನ್ ಅಕ್ಕ

ಬೇರೆ ಕಡೆ ಶುರು ಮಾಡಪ್ಪ. ಇಲ್ಲಿ ಸಸ್ಯಾಹಾರಿಗಳೂ ಇದ್ದಾರೆ, ಕುರಿಯ ಹಿತೈಷಿಗಳೂ ಇದ್ದಾರೆ.

ನೂಲಿನ ಹುಚ್ಚಿ

ಸ್ಯಾಂಪಲ್ ಆಯಿತು! ಗದಗಿನ ಗೆಳತಿ ಹೇಳಿದ ಹಾಗೆ ತೊಳೆದೆ. ಮುಳ್ಳಂತೂ ಇನ್ನೂ ಬರುತ್ತಲೇ ಇದೆ, ಬೆರಳೆಲ್ಲ ಗೀರು. ಎರಡು ತರ ನೂತು ನೋಡಿದೆ, ಏನೂ ತೆಗೆಯದೆ ಒಂದು, ಒರಟು ಕೂದಲು ಎಳೆದು ತೆಗೆದು ಇನ್ನೊಂದು. ಬಿಸಿನೀರಿನಲ್ಲಿ ನೆನೆಸಿ ತೂಗುಹಾಕಿದ ಮೇಲೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಮೊದಲಿನದು ಸುತ್ತಲೂ ಕೂದಲು ಎದ್ದು ನಿಂತಿದೆ. ಎರಡನೆಯದು ಇಷ್ಟು ದುಂಡಗೆ ಬರುತ್ತೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಬಣ್ಣ ಕರಿ ಅಲ್ಲ, ಹತ್ತಿರದಿಂದ ನೋಡಿದರೆ ಕಾಫಿ ಡಿಕಾಕ್ಷನ್.

ಚರ್ಮದ ಡಾಕ್ಟ್ರ ಪರೀಕ್ಷೆ ಮಾಡಿದೆ. ಎರಡೂ ಫೇಲ್. ಕಾಲರ್ ಒಳಗೆ ಇಟ್ಟುಕೊಂಡು ರೊಟ್ಟಿ ಬಡಿಯೋಕೆ ನಿಂತರೆ ಎರಡನೆಯದೂ ಚುಚ್ಚಿತು. ತೆಳು ಹತ್ತಿ ಅಂಗಿಯ ಮೇಲಿಂದ ಮಾತ್ರ ಏನೂ ಗೊತ್ತಾಗಲಿಲ್ಲ. ಹಾಗಾಗಿ ಉಲ್ಲನ್ ಅಕ್ಕ ಹೇಳಿದ್ದೇ ಫೈನಲ್. ಕಾರ್ಡಿಗನ್, ಕಾಲರ್ ಒಳಗೆ ಮತ್ತೆ ತೋಳಿನ ತುದಿಗೆ ಮೆರಿನೋ. ಸ್ಯಾಂಪಲ್ ತೂಗಿಸೋಕೆ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. ಅವರು ಚಿನ್ನ ತಂದಿದ್ದೀನಿ ಅಂದುಕೊಂಡು ಕುರ್ಚಿ ಎಲ್ಲ ಹಾಕಿಸಿದರು. ಲಲಿತಾ, ತೂಕ 15 ಗ್ರಾಂ.

ಲೆಕ್ಕದ ಲಲಿತೆ

ಹಾಗಾದರೆ 765 ಗ್ರಾಂ. 850 ನೂತಿಟ್ಟುಕೊಳ್ಳಿ. ಆಮೇಲೆ ತೋಳು ಮುಗಿಯುವ ಹೊತ್ತಿಗೆ ನೂಲು ಮುಗಿಯಿತು ಅಂತ ಇಲ್ಲಿ ಬಂದು ಅಳಬೇಡಿ.

ರಾಟೆ ಮೇಷ್ಟ್ರು

ಒಂದೇ ಲಡಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎರಡು ಲಡಿ ಇಟ್ಟುಕೊಂಡು ಎರಡೆರಡು ಸಾಲು ಬದಲಾಯಿಸುತ್ತಾ ಹೆಣೆಯಿರಿ. ಕೈ ನೂಲಿನ ದಪ್ಪ ತೆಳು, ಬಣ್ಣ ಎಲ್ಲ ಸರಿಹೋಗುತ್ತೆ. ತಕಲಿಯಲ್ಲಿ 2400 ಮೀಟರ್ ಅಂದರೆ ಈ ಮಳೆಗಾಲಕ್ಕೆ ಆಗೋದಿಲ್ಲ, ತಮ್ಮನಿಗೆ ಈಗಲೇ ಹೇಳಿಬಿಡಿ.

ನೂಲಿನ ಹುಚ್ಚಿ

ಹೇಳಿದೆ ಸರ್. "ಈ ಮಳೆಗಾಲ ಅಂತ ನೀನು ವರ್ಷ ಹೇಳಿರಲಿಲ್ಲವಲ್ಲ" ಅಂದ.

ಬಯಲುಸೀಮೆ ಹುಡುಗ

ಅಕ್ಕ, ದೀಪಾವಳಿ ಆದ ಮೇಲೆ ಮತ್ತೆ ಕತ್ತರಿಸುತ್ತಾರೆ. ನಮ್ಮ ಹಟ್ಟಿಯ ಮರಿ ಉಣ್ಣೆ ಬೇಕಾದರೆ ಎತ್ತಿಡೋಕೆ ಹೇಳುತ್ತೇನೆ. ಬಿಟ್ಟಿ ಅಲ್ಲ, ಕಂಬಳಿಯವರು ಕೊಡೋ ರೇಟಿಗಿಂತ ಜಾಸ್ತಿ ಕೊಡಬೇಕು. ಬಿಸಾಕೋದು ಅಂತ ಯಾರೋ ಅಂದರು ಅಂತ ಬಿಸಾಕೋ ರೇಟು ಹೇಳಬಾರದು.

ನೂಲಿನ ಹುಚ್ಚಿ

ಖಂಡಿತ ಕೊಡುತ್ತೇನೆ. ಭುಜದ್ದು ಬೇರೆ ಕಟ್ಟಿಸಿ ಇಡಿ.

ಎಡಿನ್‌ಬರೋ ಕನ್ನಡಿಗ

ನನಗೂ 1 ಕೆಜಿ ಹೇಳಿ. ತೊಳೆದೇ ಕಳಿಸಬೇಕು, ಹಸಿ ಉಣ್ಣೆ ಕಸ್ಟಮ್ಸ್‌ನಲ್ಲಿ ಬಿಡೋದಿಲ್ಲ.

ಹೊಸಬ (ಹಾಸನ)

ಗುಂಡಿ ಯಾವುದು ಹಾಕ್ತೀರಾ? ಪ್ಲಾಸ್ಟಿಕ್ ಹಾಕಬೇಡಿ, ಇಷ್ಟೆಲ್ಲ ಕಷ್ಟಪಟ್ಟು.

ಉಲ್ಲನ್ ಅಕ್ಕ

ತೆಂಗಿನ ಕರಟದ ಗುಂಡಿ. ಬಣ್ಣವೂ ಹೊಂದುತ್ತೆ, ಭಾರವೂ ಇಲ್ಲ. ಆದರೆ ಗುಂಡಿ ಪಟ್ಟಿಯ ಹಿಂದೆ ಒಂದು ರಿಬ್ಬನ್ ಹೊಲಿಯಿರಿ. ಮುಕ್ಕಾಲು ಕೆಜಿ ಬಟ್ಟೆ, ಹಾಗೇ ಬಿಟ್ಟರೆ ಪಟ್ಟಿ ಜೋತುಬೀಳುತ್ತೆ.